ನೋಡುವವರ ಮೇಲೂ ಒಂದು ನಿಗಾ

ಇಂಗ್ಲೆಂಡಿನ ಪಟ್ಟಣಗಳ ಪೇಟೆಬೀದಿಯಲ್ಲಿ ದೀಪದ ಕಂಬಗಳಿಗೆ ಸಣ್ಣದೊಂದು ಫಲಕ ಬಿಗಿದಿರುತ್ತದೆ. ಕ್ಯಾಮೆರಾದ ಚಿತ್ರ, ಅದರ ಕೆಳಗೆ ಎರಡು ಮೂರು ಸಾಲು. ಇಲ್ಲಿ ಸಿಸಿಟಿವಿ ಇದೆ, ಅಪರಾಧ ತಡೆಯಲು ಮತ್ತು ಜನರ ಸುರಕ್ಷತೆಗಾಗಿ ಇಟ್ಟಿದ್ದೇವೆ, ಇದನ್ನು ನಡೆಸುವವರು ಇಂಥ ಕೌನ್ಸಿಲ್, ವಿಚಾರಿಸಲು ಈ ಸಂಖ್ಯೆಗೆ ಫೋನ್ ಮಾಡಿ. ದಾರಿಹೋಕರು ನಿಂತು ಓದುವುದು ಅಪರೂಪ. ಆದರೆ ಈ ಇಡೀ ವ್ಯವಸ್ಥೆಯ ತಿರುಳು ಇರುವುದು ಆ ಕೊನೆಯ ಎರಡು ಸಾಲುಗಳಲ್ಲಿಯೇ. ಬೆಂಗಳೂರಿನ ಸೇಫ್ ಸಿಟಿ ಕ್ಯಾಮೆರಾಗಳು ಪೊಲೀಸರ ಕೈಯಲ್ಲಿವೆ. ಇಂಗ್ಲೆಂಡಿನಲ್ಲಿ ಪೇಟೆಯ ಕ್ಯಾಮೆರಾಗಳು ಬಹುಮಟ್ಟಿಗೆ ಕಸ ಎತ್ತಿಸುವ, ಗ್ರಂಥಾಲಯ ನಡೆಸುವ, ಜನರೇ ಮತ ಹಾಕಿ ಆರಿಸಿದ ಸ್ಥಳೀಯ ಸಂಸ್ಥೆಯಾದ ಕೌನ್ಸಿಲಿನ ಸ್ವತ್ತು. ಪೊಲೀಸರಿಗೆ ದೃಶ್ಯ ಬೇಕಾದರೆ ಬಂದು ಕೇಳಬೇಕು, ಸಹಿ ಮಾಡಿ ಪಡೆಯಬೇಕು.

ಈ ವ್ಯವಸ್ಥೆ ಶುರುವಾದದ್ದು ಒಂದು ಬಾಂಬಿನ ನಂತರ. 1984ರ ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮ್ಮೇಳನಕ್ಕೆಂದು ಬ್ರೈಟನ್ ಊರಿಗೆ ಬಂದಿದ್ದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಇಳಿದುಕೊಂಡಿದ್ದ ಗ್ರ್ಯಾಂಡ್ ಹೋಟೆಲಿನಲ್ಲಿ ಐರಿಷ್ ಸಶಸ್ತ್ರ ಸಂಘಟನೆಯಾದ ಐಆರ್‌ಎ ಬಾಂಬ್ ಸಿಡಿಸಿತು. ಐವರು ಸತ್ತರು. ಪಕ್ಷದ 1986ರ ಸಮ್ಮೇಳನ ನಡೆಯಬೇಕಿದ್ದದ್ದು ಬೋರ್ನ್‌ಮತ್‌ನಲ್ಲಿ. ಆ ಊರಿನ ಕಡಲ ದಂಡೆಯುದ್ದಕ್ಕೂ 1985ರಲ್ಲಿ ಕ್ಯಾಮೆರಾಗಳು ಬಂದವು. 1987ರಲ್ಲಿ ನಾರ್ಫೋಕ್‌ನ ಕಿಂಗ್ಸ್ ಲಿನ್ ಕೌನ್ಸಿಲ್ ತನ್ನದೇ ಕ್ಯಾಮೆರಾ ಜಾಲ ಹೂಡಿತು. ಆದರೂ ದೇಶದ ಮನಸ್ಸು ಪೂರ್ತಿಯಾಗಿ ಕ್ಯಾಮೆರಾದತ್ತ ವಾಲಿದ್ದು 1993ರ ಫೆಬ್ರುವರಿಯಲ್ಲಿ. ಲಿವರ್‌ಪೂಲ್ ಪಕ್ಕದ ಬೂಟಲ್‌ನ ಒಂದು ಶಾಪಿಂಗ್ ಸೆಂಟರಿನಿಂದ ಜೇಮ್ಸ್ ಬಲ್ಜರ್ ಎಂಬ ಎರಡು ವರ್ಷದ ಮಗುವನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೈಹಿಡಿದು ಕರೆದೊಯ್ದ ಮಸುಕು ಚಿತ್ರ ಮನೆಮನೆಯ ಟಿವಿಯಲ್ಲೂ ಕಾಣಿಸಿತು. ಆ ಕ್ಯಾಮೆರಾ ಮಗುವನ್ನು ಉಳಿಸಲಿಲ್ಲ. ಆದರೂ ‘ನಮ್ಮೂರಿಗೂ ಕ್ಯಾಮೆರಾ ಬೇಕು’ ಎಂಬ ಕೂಗಿಗೆ ಬಲ ತಂದುಕೊಟ್ಟದ್ದು ಆ ಚಿತ್ರವೇ. 1994ರ ಕಾನೂನೊಂದು ಬೀದಿ ಕ್ಯಾಮೆರಾ ಇಡುವ ಅಧಿಕಾರವನ್ನು ಕೌನ್ಸಿಲುಗಳಿಗೆ ಸ್ಪಷ್ಟವಾಗಿ ಕೊಟ್ಟಿತು. ಆ ದಶಕದಲ್ಲಿ ಗೃಹ ಇಲಾಖೆ ಸುಮಾರು 3.85 ಕೋಟಿ ಪೌಂಡ್ ಹಂಚಿತು; 1999ರ ನಂತರ ಮತ್ತೆ 17 ಕೋಟಿ ಪೌಂಡ್ ಬಂತು. ಕಂಬಗಳು ಎದ್ದವು.

ಕಂಬಕ್ಕಿಂತ ಮುಖ್ಯವಾದದ್ದು ಆ ತಂತಿಗಳೆಲ್ಲ ಹೋಗಿ ಸೇರುವ ಕೋಣೆ. ಕಂಟ್ರೋಲ್ ರೂಂ ಎಲ್ಲಿದೆ ಎಂದು ಕೌನ್ಸಿಲುಗಳು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಒಳಗೆ ಹೋಗುವ ಪ್ರತಿಯೊಬ್ಬರೂ, ಅವರು ಪೊಲೀಸ್ ಅಧಿಕಾರಿಯೇ ಆಗಿರಲಿ, ಪುಸ್ತಕದಲ್ಲಿ ಹೆಸರು ಮತ್ತು ವೇಳೆ ಬರೆದೇ ಹೋಗಬೇಕು. ಗೋಡೆ ತುಂಬ ಪರದೆಗಳು, ಅವುಗಳ ಮುಂದೆ ಪಾಳಿಯ ಮೇಲೆ ಕೆಲಸ ಮಾಡುವ ಒಬ್ಬಿಬ್ಬರು ಆಪರೇಟರ್‌ಗಳು, ಅವರ ಕೈಗೆ ಕ್ಯಾಮೆರಾ ತಿರುಗಿಸುವ ಜಾಯ್‌ಸ್ಟಿಕ್. ಇವು ಒಂದೇ ಕಡೆ ನೋಡುತ್ತ ನಿಲ್ಲುವ ಕ್ಯಾಮೆರಾಗಳಲ್ಲ. ಸುತ್ತಲೂ ತಿರುಗುತ್ತವೆ, ಮೇಲಕ್ಕೂ ಕೆಳಕ್ಕೂ ಬಾಗುತ್ತವೆ, ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುತ್ತವೆ. ಯಾರೂ ಮುಟ್ಟದಿದ್ದಾಗ ಮೊದಲೇ ಹೇಳಿಕೊಟ್ಟ ಜಾಗಗಳ ಮೇಲೆ ತಾವಾಗಿಯೇ ಸುತ್ತು ಹಾಕುತ್ತವೆ.

ಆಪರೇಟರ್‌ನ ಕಸುಬು ಕಣ್ಣಿನದು ಎಂದುಕೊಂಡರೆ ಅರ್ಧವಷ್ಟೇ ಸರಿ, ಮಿಕ್ಕರ್ಧ ಕಿವಿಯದು. ಅಷ್ಟೊಂದು ಪರದೆಗಳನ್ನು ಒಬ್ಬರು ಒಟ್ಟಿಗೆ ನೋಡುವುದು ಆಗದ ಮಾತು. ಎಲ್ಲಿ ನೋಡಬೇಕು ಎಂಬುದನ್ನು ಅವರಿಗೆ ತಿಳಿಸುವುದು ರೇಡಿಯೊ. ಪೇಟೆಯ ಅಂಗಡಿಯವರೆಲ್ಲ ಸೇರಿ ಒಂದು ರೇಡಿಯೊ ಕೂಟ ಮಾಡಿಕೊಂಡಿರುತ್ತಾರೆ. ಪಬ್ಬು, ಕ್ಲಬ್ಬುಗಳ ಬಾಗಿಲು ಕಾಯುವವರದ್ದೂ ಇಂಥದೇ ಒಂದು ಇರುತ್ತದೆ. ಎರಡೂ ಕಂಟ್ರೋಲ್ ರೂಮಿಗೆ ಕೇಳಿಸುತ್ತವೆ. ಬಹಳ ಕಡೆ ಪೊಲೀಸರ ರೇಡಿಯೊವೂ ಅಲ್ಲಿರುತ್ತದೆ. ಹಗಲಿನಲ್ಲಿ ‘ಕೆಂಪು ಜಾಕೆಟ್ಟಿನವನೊಬ್ಬ ದುಡ್ಡು ಕೊಡದೆ ಹೊರಟ, ಬಸ್ ನಿಲ್ದಾಣದ ಕಡೆಗೆ’ ಎಂಬಂಥ ಕರೆಗಳು. ಶುಕ್ರವಾರ, ಶನಿವಾರ ರಾತ್ರಿ ಪಬ್ಬುಗಳು ಮುಚ್ಚುವ ಹೊತ್ತಿಗೆ ಟ್ಯಾಕ್ಸಿ ಸಾಲಿನಲ್ಲಿ ತಳ್ಳಾಟ, ಚಳಿಯಲ್ಲಿ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದವರು, ಗೆಳತಿಯರಿಂದ ಬೇರೆಯಾಗಿ ಅಳುತ್ತ ನಿಂತ ಹುಡುಗಿ. ಕಳೆದುಹೋದ ಮಕ್ಕಳು, ಮರೆವಿನ ಕಾಯಿಲೆಯಿಂದ ಮನೆ ದಾರಿ ತಪ್ಪಿದ ಹಿರಿಯರು, ಕಾರ್ ಪಾರ್ಕಿನ ಮೇಲ್ಮಹಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತವರು. ಕಳ್ಳರನ್ನು ಹಿಡಿಯುವುದಕ್ಕಿಂತ ಇಂಥವರ ಬಳಿಗೆ ಸಮಯಕ್ಕೆ ಸರಿಯಾಗಿ ಒಬ್ಬ ಮನುಷ್ಯನನ್ನು ಕಳಿಸುವುದೇ ಈ ಕೋಣೆಯ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಸುದ್ದಿಯಾಗದ ಕೆಲಸವದು.

ಪ್ರತಿ ಘಟನೆಯನ್ನೂ ಲಾಗ್‌ನಲ್ಲಿ ಬರೆದಿಡಬೇಕು: ವೇಳೆ, ಕ್ಯಾಮೆರಾದ ಸಂಖ್ಯೆ, ಯಾರು ಕರೆದರು, ಏನಾಯಿತು. ದೃಶ್ಯಗಳು ಸಾಮಾನ್ಯವಾಗಿ ಒಂದು ತಿಂಗಳು, ಹಲವು ಕಡೆ 31 ದಿನ ಉಳಿದು, ತಾವಾಗಿಯೇ ಅಳಿಸಿಹೋಗುತ್ತವೆ. ಪೊಲೀಸರಿಗೆ ಕೊಟ್ಟ ಪ್ರತಿಗೆ ಯಾರು ಕೊಟ್ಟರು, ಯಾರು ಪಡೆದರು ಎಂಬ ಲೆಕ್ಕ ಕಡಿಯದೆ ಇರಬೇಕು. ಇಲ್ಲದಿದ್ದರೆ ನ್ಯಾಯಾಲಯದಲ್ಲಿ ಆ ಸಾಕ್ಷ್ಯ ನಿಲ್ಲುವುದು ಕಷ್ಟ. ಕ್ಯಾಮೆರಾ ತಿರುಗುವಾಗ ಮನೆಯ ಕಿಟಕಿಗಳು ಎದುರಾದರೆ ಆ ಭಾಗ ಪರದೆಯ ಮೇಲೆ ಕಪ್ಪಾಗುವಂತೆ ಸಾಫ್ಟ್‌ವೇರಿನಲ್ಲೇ ಮರೆ ಮಾಡಲಾಗುತ್ತದೆ. ಈ ಮರೆ ಏಕೆ ಬೇಕೆಂಬುದಕ್ಕೆ ಉದಾಹರಣೆ ಇದೆ. ಮರ್ಸಿಸೈಡ್‌ನ ಸೆಫ್ಟನ್ ಕೌನ್ಸಿಲಿನ ಆಪರೇಟರ್‌ಗಳಿಬ್ಬರು ಬೀದಿಯ ಕ್ಯಾಮೆರಾವನ್ನು ಒಬ್ಬ ಮಹಿಳೆಯ ಫ್ಲಾಟಿನೊಳಕ್ಕೆ ತಿರುಗಿಸಿ ಇಣುಕಿದ್ದಕ್ಕಾಗಿ 2006ರಲ್ಲಿ ಜೈಲಿಗೆ ಹೋದರು.

2001ರ ಖಾಸಗಿ ಭದ್ರತಾ ಉದ್ಯಮ ಕಾಯ್ದೆಯ ಪ್ರಕಾರ ಗುತ್ತಿಗೆ ಕಂಪನಿಯ ಆಪರೇಟರ್‌ಗಳು ತರಬೇತಿ ಪಡೆದು, ಹಿನ್ನೆಲೆ ತಪಾಸಣೆ ಮುಗಿಸಿ, ಮೂರು ವರ್ಷಗಳ ಪರವಾನಗಿ ಹೊಂದಿರಲೇಬೇಕು. ಕೌನ್ಸಿಲಿನ ನೇರ ನೌಕರರಿಗೆ ಈ ಕಡ್ಡಾಯ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡುವವರಿಗೆ ಎರಡು ಅಳತೆ ಇಟ್ಟಿದ್ದು ಸರಿಯಲ್ಲ.

ಇಷ್ಟೆಲ್ಲ ಕಟ್ಟುಪಾಡು ಎಲ್ಲಿಂದ ಬಂತು? ಎಸೆಕ್ಸ್‌ನ ಬ್ರೆಂಟ್‌ವುಡ್ ಎಂಬ ಪಟ್ಟಣಕ್ಕೆ ಈ ಕಥೆಯಲ್ಲಿ ದೊಡ್ಡ ಪಾಲಿದೆ. 1995ರ ಆಗಸ್ಟಿನ ಒಂದು ರಾತ್ರಿ, ಬದುಕಿಗೆ ಬೇಸತ್ತ ಒಬ್ಬರು ಕೈಯಲ್ಲಿ ಅಡುಗೆಮನೆಯ ಚಾಕು ಹಿಡಿದು ಅಲ್ಲಿನ ಪೇಟೆಬೀದಿಯಲ್ಲಿ ನಡೆಯುತ್ತಿದ್ದರು. ಆಪರೇಟರ್ ನೋಡಿದರು, ಪೊಲೀಸರಿಗೆ ತಿಳಿಸಿದರು. ಪೊಲೀಸರು ಬಂದು ಚಾಕು ತೆಗೆದುಕೊಂಡು ಚಿಕಿತ್ಸೆ ಕೊಡಿಸಿದರು, ಜೀವ ಉಳಿಯಿತು. ಕಂಟ್ರೋಲ್ ರೂಂ ಇರಬೇಕಾದದ್ದೇ ಹೀಗೆ. ಆದರೆ ಕೆಲವು ವಾರಗಳ ನಂತರ, ತನ್ನ ಕ್ಯಾಮೆರಾಗಳು ಎಷ್ಟು ಉಪಯುಕ್ತವೆಂದು ತೋರಿಸುವ ಹುಮ್ಮಸ್ಸಿನಲ್ಲಿ ಕೌನ್ಸಿಲ್ ಆ ದೃಶ್ಯದ ಚಿತ್ರಗಳನ್ನು ಪತ್ರಿಕೆಗಳಿಗೆ, ದೃಶ್ಯಾವಳಿಯನ್ನು ಟಿವಿಗೆ ಕೊಟ್ಟಿತು. ಪತ್ರಿಕೆಯಲ್ಲಿ ಮುಖ ಮರೆಸಿರಲಿಲ್ಲ, ಟಿವಿಯಲ್ಲಿ ಮರೆಸಿದ್ದು ಸಾಲದಾಗಿತ್ತು. ನೆರೆಹೊರೆಯವರು, ಗೆಳೆಯರು, ಬಂಧುಗಳು ಗುರುತು ಹಿಡಿದರು. ಅವರ ಮೇಲೆ ಯಾವ ಅಪರಾಧದ ಆರೋಪವೂ ಇರಲಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಸೋತ ಅವರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2003ರ ಜನವರಿ 28ರಂದು ಗೆದ್ದರು. ಬೀದಿಯಲ್ಲಿ ನಡೆಯುವವರನ್ನು ಕ್ಯಾಮೆರಾ ನೋಡುವುದು ಬೇರೆ, ಆ ದೃಶ್ಯವನ್ನು ಅವರು ಊಹಿಸಲೂ ಆಗದಷ್ಟು ಜನರ ಮುಂದೆ ಹರಡುವುದು ಬೇರೆ ಎಂಬುದು ತೀರ್ಪಿನ ಸಾರ. ಅವರ ಹೆಸರು ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಇಲ್ಲಿ ಅದನ್ನು ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ಈಗ ಕೌನ್ಸಿಲುಗಳ ಮೇಲೆ ಮಾಹಿತಿ ರಕ್ಷಣೆಯ ಕಾನೂನಿದೆ. 2012ರ ಕಾಯ್ದೆಯ ಅಡಿ ಮರುವರ್ಷ ಬಂದ, 12 ಸೂತ್ರಗಳ ನೀತಿಸಂಹಿತೆಯೂ ಇದೆ. ಕ್ಯಾಮೆರಾಕ್ಕೆ ಹೇಳಿಕೊಳ್ಳಬಹುದಾದ ಒಂದು ಉದ್ದೇಶವಿರಬೇಕು, ಅದರ ಅಗತ್ಯ ಇನ್ನೂ ಇದೆಯೇ ಎಂದು ಆಗಾಗ ಪರಿಶೀಲಿಸಬೇಕು, ಹೊಣೆ ಯಾರದ್ದೆಂದು ಸ್ಪಷ್ಟವಿರಬೇಕು. ಗುಟ್ಟಾಗಿ ಕ್ಯಾಮೆರಾ ಇಟ್ಟು ಜನರ ನಂಬಿಕೆ ಕಳೆದುಕೊಂಡರೆ ಏನಾಗುತ್ತದೆಂದು ಬರ್ಮಿಂಗ್‌ಹ್ಯಾಮ್ 2010ರಲ್ಲೇ ಕಂಡಿತ್ತು. ಮುಸ್ಲಿಮರು ಹೆಚ್ಚಾಗಿರುವ ಸ್ಪಾರ್ಕ್‌ಬ್ರುಕ್, ವಾಷ್‌ವುಡ್ ಹೀತ್ ಬಡಾವಣೆಗಳಲ್ಲಿ ಎದ್ದ ಇನ್ನೂರಕ್ಕೂ ಹೆಚ್ಚು ಕ್ಯಾಮೆರಾಗಳಿಗೆ ಹಣ ಬಂದದ್ದು ಭಯೋತ್ಪಾದನೆ ತಡೆಯ ನಿಧಿಯಿಂದ, ಕೆಲವನ್ನು ಅಡಗಿಸಿಯೇ ಇಟ್ಟಿದ್ದರು ಎಂಬುದು ಹೊರಬಿತ್ತು. ಜನ ಸಿಡಿದೆದ್ದರು. ಪೊಲೀಸರು ಕ್ಷಮೆ ಕೇಳಿದರು, ಕ್ಯಾಮೆರಾಗಳಿಗೆ ಚೀಲ ಮುಚ್ಚಿದರು, ಕೊನೆಗೆ ಕಿತ್ತು ಹಾಕಿದರು.

ಇಷ್ಟಾಗಿ ಅಪರಾಧ ಕಡಿಮೆಯಾಯಿತೇ? ಗೃಹ ಇಲಾಖೆಗಾಗಿ ಮಾರ್ಟಿನ್ ಗಿಲ್ ಮತ್ತು ಏಂಜೆಲಾ ಸ್ಪ್ರಿಗ್ಸ್ ನಡೆಸಿದ 2005ರ ಅಧ್ಯಯನ ದೇಶದ 13 ವ್ಯವಸ್ಥೆಗಳನ್ನು ಪರೀಕ್ಷಿಸಿತು. ಅಂಕಿಅಂಶದ ದೃಷ್ಟಿಯಿಂದ ಖಚಿತವಾದ ಇಳಿಕೆ ಕಂಡದ್ದು ಎರಡರಲ್ಲಿ ಮಾತ್ರ. ಕಾರ್ ಪಾರ್ಕುಗಳಲ್ಲಿ ಕ್ಯಾಮೆರಾ ಫಲ ಕೊಡುತ್ತದೆ, ಕುಡಿದು ಬಡಿದಾಡುವವರ ಮೇಲೆ ಅದರ ಪ್ರಭಾವ ಕಡಿಮೆ. ಕಾರು ಒಡೆಯಲು ಬಂದವನು ಹಿಡಿದಾರೆಂದು ಲೆಕ್ಕ ಹಾಕುತ್ತಾನೆ. ರಾತ್ರಿ ಎರಡು ಗಂಟೆಗೆ ಅಮಲಿನಲ್ಲಿ ಕೈ ಎತ್ತುವವನಿಗೆ ಕಂಬದ ತುದಿಯಲ್ಲಿ ಏನಿದೆಯೆಂಬ ಪರಿವೆಯೇ ಇರುವುದಿಲ್ಲ. ಇನ್ನೊಂದು ಅಧ್ಯಯನ ಮನಸ್ಸಿಗೆ ಹೆಚ್ಚು ನಾಟುವಂಥದ್ದು. ಕ್ಲೈವ್ ನಾರಿಸ್ ಮತ್ತು ಗ್ಯಾರಿ ಆರ್ಮ್‌ಸ್ಟ್ರಾಂಗ್ 1990ರ ದಶಕದಲ್ಲಿ ಮೂರು ಕಂಟ್ರೋಲ್ ರೂಮುಗಳಲ್ಲಿ ಸುಮಾರು 600 ಗಂಟೆ ಕೂತು, ಆಪರೇಟರ್‌ಗಳು ಯಾರನ್ನು ಹಿಂಬಾಲಿಸುತ್ತಾರೆಂದು ಗಮನಿಸಿದರು. ಯುವಕರು, ಅದರಲ್ಲೂ ಕಪ್ಪು ಜನಾಂಗದವರು, ತಮ್ಮ ಸಂಖ್ಯೆಗೆ ಮೀರಿ ಕ್ಯಾಮೆರಾದ ಕಣ್ಣಿಗೆ ಬೀಳುತ್ತಿದ್ದರು. ಎಷ್ಟೋ ಸಲ ಕಾರಣವೇ ಇರುತ್ತಿರಲಿಲ್ಲ. ಹಾಗಾಗಿ ಲಾಗ್ ಪುಸ್ತಕವನ್ನು ಹೊರಗಿನವರು ಬಂದು ತೆರೆದು ನೋಡುವಂತಿರಬೇಕು. ಕೆಲವು ಕೌನ್ಸಿಲುಗಳು ಊರಿನ ಸಾಮಾನ್ಯ ನಾಗರಿಕರನ್ನೇ ತಪಾಸಣೆಗೆ ಕರೆಯುತ್ತವೆ. ಈ ಪದ್ಧತಿ ಎಲ್ಲೆಡೆ ಬರಲಿ.

ಈಗಿನ ದೊಡ್ಡ ಆತಂಕ ಹಣದ್ದು. ಕ್ಯಾಮೆರಾ ನಡೆಸುವುದು ಕೌನ್ಸಿಲಿನ ಕಡ್ಡಾಯ ಕೆಲಸವಲ್ಲ, ಅನುದಾನ ಕುಗ್ಗಿದಾಗ ಕತ್ತರಿ ಬೇಗ ಬೀಳುವುದು ಇಂಥದರ ಮೇಲೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್‌ಗೆ ತನ್ನ ಜಾಲ ನಡೆಸಲು ವರ್ಷಕ್ಕೆ ಸುಮಾರು 10 ಲಕ್ಷ ಪೌಂಡ್ ಬೇಕಿತ್ತು, ನವೀಕರಿಸಲು ಇನ್ನೂ 17 ಲಕ್ಷ. 2016ರಲ್ಲಿ ಅದು ತನ್ನ ಬೀದಿ ಕ್ಯಾಮೆರಾಗಳನ್ನು ನಿಲ್ಲಿಸಲು ತೀರ್ಮಾನಿಸಿತು. ಬೇರೆ ಕಡೆ ಕ್ಯಾಮೆರಾ ಉಳಿಸಿಕೊಂಡು, ನೋಡುವವರ ಪಾಳಿಯನ್ನು ತೆಗೆದರು. ಇದು ನನಗೆ ಹೆಚ್ಚು ಕೆಟ್ಟದ್ದಾಗಿ ಕಾಣುತ್ತದೆ. ಬ್ರೆಂಟ್‌ವುಡ್‌ನ ಆ ರಾತ್ರಿ ಪರದೆಯ ಮುಂದೆ ಯಾರೂ ಇರದಿದ್ದರೆ ಒಂದು ಸಾವು ಬರೀ ರೆಕಾರ್ಡ್ ಆಗಿ ಉಳಿಯುತ್ತಿತ್ತು. ಕಂಬದ ಮೇಲೆ ಕ್ಯಾಮೆರಾ ಕಂಡು ತನ್ನನ್ನು ಯಾರೋ ಕಾಯುತ್ತಿದ್ದಾರೆಂದು ನಂಬಿ ನಡೆಯುವ ಹೆಣ್ಣುಮಗಳಿಗೆ ಕೌನ್ಸಿಲ್ ನಿಜ ಹೇಳಬೇಕು.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೂ, ಓದಲು ಹೋದ ಮಕ್ಕಳಿಗೂ ಉಪಯೋಗಕ್ಕೆ ಬರುವ ಮಾತೊಂದಿದೆ. ಕೌನ್ಸಿಲಿನ ಕ್ಯಾಮೆರಾದಲ್ಲಿ ನೀವು ಸೆರೆಯಾಗಿದ್ದರೆ ಆ ದೃಶ್ಯ ಕೇಳುವ ಹಕ್ಕು ನಿಮಗಿದೆ, ನೀವು ಯಾವ ದೇಶದವರೇ ಆಗಿರಿ. ಮೊದಲು 10 ಪೌಂಡ್‌ವರೆಗೆ ಶುಲ್ಕ ಇತ್ತು, 2018ರಿಂದ ಸಾಮಾನ್ಯವಾಗಿ ಶುಲ್ಕವಿಲ್ಲ. ದಿನ, ಅಂದಾಜು ವೇಳೆ, ಬೀದಿಯ ಹೆಸರು, ತೊಟ್ಟಿದ್ದ ಬಟ್ಟೆಯ ಬಣ್ಣ ಬರೆದು, ಗುರುತಿಗೆ ಫೋಟೊ ಇರುವ ದಾಖಲೆ ಜೋಡಿಸಿ ಕೌನ್ಸಿಲಿಗೆ ಕಳಿಸಬೇಕು. ಒಂದು ತಿಂಗಳೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ. ಜೊತೆಗಿದ್ದ ಬೇರೆಯವರ ಮುಖಗಳನ್ನು ಮಸುಕಾಗಿಸಿ ಕೊಡಬಹುದು. ದೃಶ್ಯ ಅಳಿಸಿಹೋಗಲು ಇರುವುದೂ ಸುಮಾರು ಒಂದೇ ತಿಂಗಳು, ಆದ್ದರಿಂದ ತಡಮಾಡದೆ ಬರೆಯಿರಿ. ಅಳಿಸದೆ ತೆಗೆದಿಡಿ ಎಂದು ಆ ಪತ್ರದಲ್ಲೇ ಕೇಳಿಕೊಳ್ಳಿ.