ಶ್ರೀರಂಗಪಟ್ಟಣ ದ್ವೀಪದ ಸ್ವಾಮ್ಯವಿಚಾರ
(ಕ್ರಿ. ಶ. 1799–1881)

ಕ್ರಿ. ಶ. 1799ನೆಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದ ತರುವಾಯ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದಿತೆಂಬುದನ್ನು ಎಲ್ಲರೂ ಬಲ್ಲರು. ರಾಜ್ಯದೊಡನೆ ಹಳೆಯ ರಾಜಧಾನಿಯೂ ಬಂದಿತೆಂದು ಭಾವಿಸುವವರೂ ಉಂಟು. ಇದು ಸಾಧುವಲ್ಲ. ಮುಂದಿನ 82 ವರ್ಷಗಳಲ್ಲಿ ಆ ದ್ವೀಪವು ಯಾರ ಸ್ವತ್ತಾಗಿದ್ದಿತೆಂಬುದೇ ಇಲ್ಲಿಯ ವಿಚಾರ.

ಇಂತಹ ಪ್ರಶ್ನೆಗೆ ನಮ್ಮ ವ್ಯವಹಾರಶಾಸ್ತ್ರದ ಎರಡು ಪದಗಳು ಬಹಳ ಉಪಯುಕ್ತವಾಗಿವೆ. ಸ್ವತ್ತು ತನ್ನದಾದ ಬಗೆಯು ಆಗಮ. ಅದನ್ನು ಅನುಭವಿಸುವುದು ಭೋಗ. ಯಾಜ್ಞವಲ್ಕ್ಯನ ಮತದಲ್ಲಿ, ವಂಶಪರಂಪರೆಯಿಂದ ಬಂದ ಭೋಗವನ್ನುಳಿದು, ಭೋಗಕ್ಕಿಂತ ಆಗಮವೇ ಬಲವತ್ತರವಾದುದು. ಆದರೆ ಭೋಗದ ಲೇಶವೂ ಇಲ್ಲದೆಡೆಯಲ್ಲಿ ಆಗಮಕ್ಕೂ ಬಲವಿಲ್ಲ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರಾ ಈ ಸ್ಮೃತಿಗೇ ಬರೆದ ವ್ಯಾಖ್ಯಾನ. ಮನೆ ಹೊಲಗಳ ವ್ಯಾಜ್ಯಕ್ಕೆ ಹೇಳಿದ ನ್ಯಾಯವು ರಾಜ್ಯಗಳಿಗೆ ಸಾಕ್ಷಾತ್ತಾಗಿ ಅನ್ವಯಿಸದಿದ್ದರೂ ವಿಷಯವನ್ನು ವಿಶದಪಡಿಸಬಲ್ಲುದು.

1799ನೆಯ ಜೂನ್ 22ರ ವಿಭಾಗದ ಒಡಂಬಡಿಕೆಯಲ್ಲಿ ನಾಗಮಂಗಲ, ಅತ್ತಿಕುಪ್ಪೆ (ಇಂದಿನ ಕೃಷ್ಣರಾಜಪೇಟೆ) ಮೊದಲಾದ ಸೀಮೆಗಳು ಮುಮ್ಮಡಿ ಕೃಷ್ಣರಾಜ ಒಡೆಯರ ಪಾಲಿಗೆ ಬಂದುವು. ನಡುವಣ ದ್ವೀಪವಾದರೋ ಕೋಟೆಸಹಿತವಾಗಿ, ಪೂರ್ಣ ಸ್ವಾಮ್ಯದೊಡನೆ, ಶಾಶ್ವತವಾಗಿ ಕಂಪೆನಿಗೆ ಸೇರಿತು. ಸನಿಹದ ಹಿರೋಡೆಯ (ಇಂದಿನ ಪಾಂಡವಪುರ) ಸ್ಥಿತಿ ಬೇರೆ. ಅಲ್ಲಿಯೂ ಮದ್ರಾಸಿನ ಸೈನ್ಯವು ಬೀಡುಬಿಟ್ಟಿದ್ದಿತು. ಭೂಮಿ ಮಾತ್ರ ಮೈಸೂರಿನದೇ. ಆದುದರಿಂದ ದಂಡು ಇದ್ದುದರಿಂದಲೇ ಸ್ವಾಮ್ಯವು ಸಿದ್ಧಿಸದು, ಒಡಂಬಡಿಕೆಯೇ ಆಗಮ.

ದ್ವೀಪದ ಹವೆಯು ಸೈನಿಕರಿಗೆ ಒಗ್ಗದೆ ಜ್ವರಬಾಧೆಯು ಹೆಚ್ಚಿದುದರಿಂದ 1809ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶವು ಸ್ಥಾಪಿತವಾಯಿತು. ದ್ವೀಪವನ್ನು ವರ್ಷಕ್ಕೆ 50,000 ರೂಪಾಯಿಗಳ ಗುತ್ತಿಗೆಗೆ ಮೈಸೂರಿಗೆ ಕೊಡಲಾಯಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು: ದಂಡು ಹೊರಟಿತು, ಕಂದಾಯವನ್ನೆತ್ತುವವರು ಮೈಸೂರಿನವರಾದರು, ಬಳಿಕ ದ್ವೀಪವು ಮೈಸೂರಿನದಲ್ಲವೇ? ಅಲ್ಲ. ಗುತ್ತಿಗೆದಾರನ ಭೋಗವು ಒಡೆಯನ ಆಗಮವನ್ನು ಕೆಡಿಸದು. ವರ್ಷವರ್ಷವೂ ಗುತ್ತಿಗೆಯನ್ನು ಸಲ್ಲಿಸುವುದೇ ಪರಸ್ವಾಮ್ಯವನ್ನು ಒಪ್ಪಿದಂತೆ. ಸ್ಮೃತಿಕಾರನು ಬಯಸಿದ ಭೋಗಲೇಶವೂ ಕಂಪೆನಿಗೆ ಅದರಿಂದಲೇ ದೊರೆಯಿತು.

1831ರಿಂದ ಮೈಸೂರಿನ ಆಡಳಿತವೇ ಬ್ರಿಟಿಷ್ ಕಮಿಷನರರ ಕೈಸೇರಿತು. ಅರಸರ ಆಗಮವು ಅಳಿಯಿತೇ ಎಂಬುದು ಬಹುಕಾಲ ವಿವಾದಗ್ರಸ್ತವಾಗಿದ್ದಿತು. 1881ನೆಯ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಒಪ್ಪಿಸಿದುದರಿಂದ ಆ ವಿವಾದವು ಮುಗಿಯಿತು. ಆಗಲೇ ಒಂದು ವಿನಿಮಯವೂ ನಡೆಯಿತು. ಶ್ರೀರಂಗಪಟ್ಟಣ ದ್ವೀಪವು ಮೈಸೂರಿಗೆ ಬಂದಿತು. ಅದಕ್ಕೆ ಪ್ರತಿಯಾಗಿ ಬೆಂಗಳೂರಿನ ದಂಡುಪ್ರದೇಶದ ಅಧಿಕಾರವು ಬ್ರಿಟಿಷರಿಗೆ ವಹಿಸಲ್ಪಟ್ಟಿತು.

ಈ ಎರಡು ಸ್ಥಳಗಳ ಸ್ಥಿತಿಯು ಪರಸ್ಪರ ವಿಪರೀತವಾದುದು. ಶ್ರೀರಂಗಪಟ್ಟಣದಲ್ಲಿ ಮೈಸೂರಿಗೆ ಭೋಗವಿದ್ದಿತು, ಆಗಮವಿರಲಿಲ್ಲ. ಬೆಂಗಳೂರಿನ ದಂಡಿನಲ್ಲಿ ಆಗಮವಿದ್ದಿತು, ಭೋಗವಿರಲಿಲ್ಲ. ಹಾಗಾದರೆ ಎರಡನೆಯದು ನಿರ್ಬಲವಾದ ಆಗಮವೇ ಎಂದರೆ, ಅಲ್ಲಿ ಬ್ರಿಟಿಷರ ಅಧಿಕಾರವು ಅರಸರಿಂದ ವಹಿಸಿಕೊಂಡುದು; ಪಡೆದವನ ಭೋಗವು ಕೊಟ್ಟವನ ಸ್ವಾಮ್ಯಕ್ಕೇ ಸಾಕ್ಷಿ. ಆದುದರಿಂದಲೇ 1947ನೆಯ ಜುಲೈ 26ರಂದು ಆ ಪ್ರದೇಶವನ್ನು ಮೈಸೂರಿಗೆ ಹಿಂದಿರುಗಿಸಿದಾಗ ಅದು ಹೊಸ ದಾನವಾಗದೆ ಪುನಃಪ್ರಾಪ್ತಿಯಾಯಿತು.

ಗ್ರಂಥಗಳಲ್ಲಿ ‘ದಂಡು’ ಎಂಬ ಒಂದೇ ಶಬ್ದವು ಈ ಮೂರು ಸ್ಥಳಗಳಿಗೂ ಸಲ್ಲಬಹುದು. ಹಿರೋಡೆಯಲ್ಲಿ ಅದು ಬೀಡು, ಶ್ರೀರಂಗಪಟ್ಟಣದಲ್ಲಿ ಸ್ವಾಮ್ಯ, ಬೆಂಗಳೂರಿನಲ್ಲಿ ವಹಿಸಿಕೊಂಡ ಅಧಿಕಾರ. ಆ ಕಾಲದ ಕೃತಿಗಳನ್ನು ಬೋಧಿಸುವವರು ಈ ಭೇದವನ್ನು ಲಕ್ಷಿಸಬೇಕು. ಇಲ್ಲವಾದರೆ, ಅರಸರು ತಮ್ಮ ಪೂರ್ವಿಕರ ರಾಜಧಾನಿಗೇ ಗುತ್ತಿಗೆ ತೆತ್ತ ಸಂಗತಿಯು ಚರಿತ್ರೆಯಿಂದ ಮರೆಯಾಗುವುದು.