ಜಮೀನ್ದಾರರ ಬಂಗಲೆ, ಒಕ್ಕಲುಗಳ ಅರ್ಜಿ

ಸ್ಟ್ರೋಕ್ಸ್‌ಟೌನ್ ಪಾರ್ಕ್ ಬಂಗಲೆಯ ಅಡುಗೆಮನೆಯಲ್ಲಿ ಗೋಡೆಗುಂಟ ಎತ್ತರದಲ್ಲೊಂದು ಮರದ ಮೊಗಸಾಲೆ ಇದೆ. ಸೋಮವಾರ ಬೆಳಗ್ಗೆ ಮನೆಯೊಡತಿ ಅಲ್ಲಿ ನಿಂತು ವಾರದ ಅಡುಗೆಯ ಪಟ್ಟಿಯನ್ನು ಕೆಳಗಿನ ಅಡುಗೆಯವರಿಗೆ ಎಸೆಯುತ್ತಿದ್ದಳಂತೆ. ಹೊರಗೆ ಆಳುಗಳು ಓಡಾಡಲು ನೆಲದಡಿ ಸುರಂಗ. ಧಣಿಗಳು ಕಿಟಕಿಯಿಂದ ನೋಡಿದರೆ ದುಡಿಯುವವರು ಕಣ್ಣಿಗೆ ಬೀಳಬಾರದು.

ಐರ್ಲೆಂಡಿನ ರಾಸ್‌ಕಾಮನ್ ಕೌಂಟಿಯಲ್ಲಿ ಈ ಬಂಗಲೆಯ ಒಡೆಯರಾದ ಮೇಹನ್ ಮನೆತನ ನೆಲೆಯೂರಿದ್ದು 17ನೇ ಶತಮಾನದಲ್ಲಿ, ಇಂಗ್ಲಿಷರ ಗೆಲುವಿನ ನಂತರ ನೆಲ ಕೈಬದಲಾದ ಕಾಲದಲ್ಲಿ. ವಾಸ್ತುಶಿಲ್ಪಿ ರಿಚರ್ಡ್ ಕ್ಯಾಸೆಲ್ಸ್ 18ನೇ ಶತಮಾನದಲ್ಲಿ ಬಂಗಲೆಗೆ ಈಗಿನ ರೂಪ ಕೊಟ್ಟ. 1800ರಲ್ಲಿ ಮನೆತನಕ್ಕೆ ಹಾರ್ಟ್‌ಲೆಂಡ್ ಪ್ರಭುಗಳೆಂಬ ಬಿರುದೂ ಬಂತು. ಮೂರನೆಯ ಪ್ರಭುವಿನ ಹೊತ್ತಿಗೆ ಬುದ್ಧಿಭ್ರಮಣೆ, ಸಾಲ, ವಸೂಲಾಗದ ಗೇಣಿ.

ಇದನ್ನೆಲ್ಲ 1845ರಲ್ಲಿ ವಹಿಸಿಕೊಂಡವನು ಮೇಜರ್ ಡೆನಿಸ್ ಮೇಹನ್. ಅದೇ ವರ್ಷ ಆಲೂಗಡ್ಡೆಗೆ ರೋಗ ತಗುಲಿತು. ಅದೊಂದನ್ನೇ ಉಂಡು ಬದುಕಿದ್ದ ಒಕ್ಕಲುಗಳು ಹಸಿದರು, ಗೇಣಿ ನಿಂತಿತು. ನಿರ್ಗತಿಕರನ್ನು ಸಾಕುವ ವರ್ಕ್‌ಹೌಸಿನ ತೆರಿಗೆ ಮಾತ್ರ ಜಮೀನ್ದಾರನ ತಲೆಯ ಮೇಲೆ. ಪಾರುಪತ್ಯ ನೋಡುತ್ತಿದ್ದ ದಾಯಾದಿ ಜಾನ್ ರಾಸ್ ಮೇಹನ್ ಲೆಕ್ಕ ಹಾಕಿದ: ಇವರನ್ನು ಇಲ್ಲಿ ಸಾಕುವುದಕ್ಕಿಂತ ಕೆನಡಾಕ್ಕೆ ಹಡಗು ಹತ್ತಿಸುವುದೇ ಅಗ್ಗ. ಆ ಲೆಕ್ಕದಲ್ಲಿ ಕೂಡು-ಕಳೆಯುವಿಕೆಯ ತಪ್ಪಿರಲಿಲ್ಲ. ಅದರ ಭೀಕರತೆ ಇರುವುದೇ ಅಲ್ಲಿ.

1847ರ ಮೇ ತಿಂಗಳಲ್ಲಿ 1,490 ಜನ ರಾಯಲ್ ಕಾಲುವೆಯ ದಂಡೆಗುಂಟ ಡಬ್ಲಿನ್‌ಗೆ ನಡೆದರು. ಯಾರೂ ಹಿಂತಿರುಗದಂತೆ ಎಸ್ಟೇಟಿನ ನೌಕರನೊಬ್ಬ ಜೊತೆಗಿದ್ದ. ಅಲ್ಲಿಂದ ಲಿವರ್‌ಪೂಲ್, ಆಮೇಲೆ ಅಟ್ಲಾಂಟಿಕ್. ವರ್ಜೀನಿಯಸ್ ಹಡಗು ಹತ್ತಿದ 476 ಮಂದಿಯಲ್ಲಿ 158 ಮಂದಿ ಕ್ವಿಬೆಕ್ ಸಮೀಪದ ಗ್ರೋಸ್ ದ್ವೀಪವನ್ನು ಮುಟ್ಟುವ ಮುನ್ನವೇ ಜ್ವರದಿಂದ ಸತ್ತರು. ಇತ್ತ ಊರಲ್ಲಿ ಇನ್ನೂ ಸಾವಿರಾರು ಜನರನ್ನು ಒಕ್ಕಲೆಬ್ಬಿಸಲಾಯಿತು. ನವೆಂಬರ್ 2ರ ಸಂಜೆ, ಗಾಡಿಯಲ್ಲಿ ಮನೆಗೆ ಮರಳುತ್ತಿದ್ದ ಡೆನಿಸ್‌ನನ್ನು ಗುಂಡಿಟ್ಟು ಕೊಂದರು. ಮರುವರ್ಷ ಆ ಕೊಲೆಗಾಗಿ ಇಬ್ಬರನ್ನು ಗಲ್ಲಿಗೇರಿಸಲಾಯಿತು. ಮಗಳು ಗ್ರೇಸ್ ಆ ಮನೆಗೆ ಮತ್ತೆ ಕಾಲಿಡಲಿಲ್ಲವೆನ್ನುತ್ತಾರೆ. ಆದರೂ ಆಸ್ತಿ ಅವಳ ವಂಶಕ್ಕೇ ಉಳಿಯಿತು.

1979ರಲ್ಲಿ ಅದನ್ನು ಕೊಂಡದ್ದು ಸ್ಥಳೀಯ ವಾಹನ ವ್ಯಾಪಾರಿ ಜಿಮ್ ಕ್ಯಾಲರಿಯ ಸಂಸ್ಥೆ. ಅವರಿಗೆ ಬೇಕಿದ್ದದ್ದು ವ್ಯಾಪಾರ ಹಿಗ್ಗಿಸಲು ಒಂದಿಷ್ಟು ನೆಲ. ಆದರೆ ಎಸ್ಟೇಟ್ ಕಚೇರಿಯ ಹಳೇ ಕಡತಗಳ ನಡುವೆ ಅವರಿಗೆ ಕ್ಲೂನಾಹೀ ಎಂಬಲ್ಲಿನ ಒಕ್ಕಲುಗಳು 1846ರಲ್ಲಿ ಸಲ್ಲಿಸಿದ್ದ ಅರ್ಜಿಯೊಂದು ಸಿಕ್ಕಿತು. ಕಣ್ಣೆದುರೇ ಹೆಂಡತಿ ಮಕ್ಕಳು ಹಸಿದಿದ್ದಾರೆ, ಕೆಲಸ ಕೊಡಿಸಿ ಎಂಬ ಮೊರೆ ಅದು. ಕ್ಯಾಲರಿ ಮನೆಯನ್ನು ಕೆಡವಲಿಲ್ಲ, ಕಡತಗಳನ್ನು ಮಾರಲಿಲ್ಲ. ಮನೆತನದ ಕೊನೆಯ ಒಡತಿ ಆಲಿವ್ ಪೇಕನ್‌ಹಮ್ ಮೇಹನ್ 1981ರವರೆಗೂ ಅಲ್ಲೇ ಬಾಳಿದರು. 1994ರಲ್ಲಿ ಕುದುರೆಲಾಯದಲ್ಲಿ ರಾಷ್ಟ್ರೀಯ ಕ್ಷಾಮ ಮ್ಯೂಸಿಯಂ ತೆರೆಯಿತು.

ಕ್ಷಾಮದಲ್ಲಿ ಸತ್ತವರ ಮಾತು ಉಳಿಯುವುದೇ ಅಪರೂಪ. ಇಲ್ಲಿ ಅದು ಉಳಿದದ್ದು ಧಣಿಯ ಕಚೇರಿ ಕಾಗದಗಳನ್ನು ಜೋಪಾನ ಮಾಡಿದ್ದರಿಂದ, ಆಮೇಲೆ ಬಂದ ಊರಿನವನೊಬ್ಬ ಅವನ್ನು ಓದಿದ್ದರಿಂದ. ಐವತ್ತು ಸಾವಿರಕ್ಕೂ ಹೆಚ್ಚು ದಾಖಲೆಗಳು ಹೀಗೆ ದಕ್ಕಿವೆ. ಆ 1,490 ಮಂದಿ ನಡೆದ ದಾರಿಯೂ ಈಗ 165 ಕಿಲೋಮೀಟರಿನ ಕ್ಷಾಮ ಪಥವಾಗಿದೆ. ಹೋಗುವವರಿಗೆ ನನ್ನ ಸಲಹೆ: ಮೊದಲು ಕುದುರೆಲಾಯದ ಮ್ಯೂಸಿಯಂನಲ್ಲಿ ಆ ಅರ್ಜಿ ಓದಿ, ಬಂಗಲೆಯ ಊಟದ ಕೋಣೆಯನ್ನು ಆಮೇಲೆ ನೋಡಿ.