ದೇವಾರಾಧನೆಯಲ್ಲಿ ನಾಟ್ಯವು ಸಲ್ಲುವದೋ?

ಶಾಲೆಯ ಹಬ್ಬದ ದಿನದಲ್ಲಿ ಹುಡುಗಿಯರು ಕೋಲಾಟವಾಡುವದನ್ನು ಸಂತೋಷದಿಂದ ನೋಡುವ ತಾಯ್ತಂದೆಗಳು, ಅಂಥ ಹೆಜ್ಜೆಗಳು ದೇವಾಲಯದೊಳಗೆ ಬರುವವೆಂದು ಕೇಳಿದರೆ ಸಂಕೋಚಪಡುವದುಂಟು. ನಾಟ್ಯವು ನೋಡುವವರಿಗೋಸ್ಕರ, ಪ್ರಾರ್ಥನೆಯು ದೇವರಿಗೋಸ್ಕರ. ಇವೆರಡನ್ನೂ ಬೆರಸಬಹುದೇ ಎಂಬದು ಅವರ ಪ್ರಶ್ನೆ. ಈ ಪ್ರಶ್ನೆಯು ನ್ಯಾಯವಾದದ್ದೇ.

ಸತ್ಯವೇದದಲ್ಲಿ ಎರಡು ವಿಧದ ನಾಟ್ಯಗಳು ಕಾಣುತ್ತವೆ. ಸಮುದ್ರವನ್ನು ದಾಟಿದ ಇಸ್ರಾಯೇಲ್ ಸ್ತ್ರೀಯರು ಮಿರ್ಯಾಮಳ ದಮ್ಮಡಿಯ ಹಿಂದೆ ಕುಣಿದರು. ದಾವೀದನು ಮಂಜೂಷದ ಮುಂದೆ ಕುಣಿದನು. ಹೆರೋದ್ಯಳ ಮಗಳಾದರೋ ಔತಣದ ಅತಿಥಿಗಳನ್ನು ಮೆಚ್ಚಿಸಲು ಕುಣಿದಳು. ಅದರಿಂದ ಸ್ನಾನಿಕನಾದ ಯೋಹಾನನ ತಲೆಯು ಹೋಯಿತು. ಆದಕಾರಣ ಹೆಜ್ಜೆಯು ತಾನಾಗಿ ಪವಿತ್ರವೂ ಅಲ್ಲ, ಅಪವಿತ್ರವೂ ಅಲ್ಲ. ಅದು ಯಾರ ಕಡೆಗೆ ತಿರುಗಿದೆ ಎಂಬದೇ ಮುಖ್ಯವು.

ಇದನ್ನು ತಿಳಿಯಲು ಯೂರೋಪಿನ ಲಕ್ಸೆಂಬರ್ಗ್ ದೇಶದ ಎಖ್ಟರ್‌ನಾಖ್ ಎಂಬ ಚಿಕ್ಕ ಪಟ್ಟಣವನ್ನು ನೋಡೋಣ. ಇಂಗ್ಲೆಂಡಿನಲ್ಲಿ ಹುಟ್ಟಿ ಸುವಾರ್ತೆಯನ್ನು ಸಾರಲು ಹೊರಟ ವಿಲ್ಲಿಬ್ರೊರ್ಡ್ ಎಂಬ ಸನ್ಯಾಸಿಯು 698ರಲ್ಲಿ ಅಲ್ಲಿ ಮಠವನ್ನು ಸ್ಥಾಪಿಸಿ, 739ರಲ್ಲಿ ಅಲ್ಲಿಯೇ ತೀರಿಹೋದನು. ಆ ಮಠಕ್ಕೆ ಭೂಮಿಯನ್ನು ಕೊಟ್ಟವಳು ಇರ್ಮಿನಾ ಎಂಬ ಕನ್ಯಾಮಠದ ಮುಖ್ಯಸ್ಥೆ. ಪಂಚಾಶತ್ತಮ ಹಬ್ಬದ ಮುಂದಿನ ಮಂಗಳವಾರ ರೋಮನ್ ಕಥೋಲಿಕ ಸಭೆಯ ಸಾವಿರಾರು ಜನರು ಅಲ್ಲಿ ಕೂಡಿಬರುತ್ತಾರೆ. ಅವರು ಸಾಲು ಸಾಲಾಗಿ ನಿಂತು, ಒಬ್ಬರ ಕೈಗೂ ಮತ್ತೊಬ್ಬರ ಕೈಗೂ ನಡುವೆ ಬಿಳೀ ಕರವಸ್ತ್ರವನ್ನು ಹಿಡಿದು, ಒಂದೇ ಹಳೆಯ ರಾಗಕ್ಕೆ ಎಡಕ್ಕೂ ಬಲಕ್ಕೂ ಹಾರುತ್ತಾ ಬೀದಿಗಳಲ್ಲಿ ಸಾಗಿ, ದೇವಾಲಯದ ನೆಲಮಾಳಿಗೆಯಲ್ಲಿರುವ ಆ ಭಕ್ತನ ಸಮಾಧಿಯ ಬಳಿಗೆ ಬರುತ್ತಾರೆ. ಮಕ್ಕಳೂ ಮುದುಕರೂ ಜೊತೆಯಾಗಿರುತ್ತಾರೆ. ಕುಣಿಯದವರು ಪ್ರಾರ್ಥನೆ ಮಾಡುತ್ತಾ ನಡೆಯುತ್ತಾರೆ. ಹಿಂದೆ ಮೂರು ಹೆಜ್ಜೆ ಮುಂದಕ್ಕೂ ಎರಡು ಹೆಜ್ಜೆ ಹಿಂದಕ್ಕೂ ಇಡುವ ಪದ್ಧತಿಯಿತ್ತು. ಜರ್ಮನ್ ಭಾಷೆಯಲ್ಲಿ ತಡವಾಗಿ ಸಾಗುವ ಕೆಲಸಕ್ಕೆ ಈ ಮೆರವಣಿಗೆಯ ಹೆಸರೇ ಇಂದಿಗೂ ಗಾದೆಯಾಗಿದೆ.

ಈ ನಾಟ್ಯಕ್ಕೆ ವಿರೋಧವೂ ಕಡಿಮೆಯಾಗಿರಲಿಲ್ಲ. 1777ರಲ್ಲಿ ಆರ್ಚ್‌ಬಿಷಪರೇ ವಾದ್ಯವನ್ನೂ ಕುಣಿತವನ್ನೂ ನಿಷೇಧಿಸಿದರು. 1786ರಲ್ಲಿ ಎರಡನೆಯ ಜೋಸೆಫ್ ಚಕ್ರವರ್ತಿಯು ಮೆರವಣಿಗೆಯನ್ನೇ ರದ್ದುಮಾಡಿದನು. ಆದರೂ ಜನರು ಮುಂದಿನ ಶತಮಾನದ ಆರಂಭದಲ್ಲಿ ಅದನ್ನು ಪುನಃ ನಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ನಾಜಿ ಅಧಿಕಾರಿಗಳು ಅದನ್ನು ತಡೆದರು. 1944ರ ಕೊನೆಯಲ್ಲಿ ದೇವಾಲಯವು ಹಾಳಾಯಿತು. ಜನರು ಅದನ್ನು ತಿರಿಗಿ ಕಟ್ಟಿದರು. 1953ರಲ್ಲಿ ಅದರ ಪ್ರತಿಷ್ಠೆಯಾಯಿತು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮೆರವಣಿಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಆ ಕರವಸ್ತ್ರದ ಉಪಯೋಗವೇನೆಂದು ಯೋಚಿಸಿರಿ. ಅದನ್ನು ಹಿಡಿದವಳು ತನ್ನ ಚಾತುರ್ಯವನ್ನು ತೋರಿಸಲು ಮುಂದಕ್ಕೆ ಹಾರಲಾರಳು. ನೆರೆಯವಳು ಬಳಲಿದರೆ ತಾನೂ ಹೆಜ್ಜೆಯನ್ನು ಕಿರಿದುಮಾಡಬೇಕು. ಕೋಲಾಟವಾಡಿದ ನಮ್ಮ ಹಳೇ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬಳು ತಾಳ ತಪ್ಪಿದರೆ ಮತ್ತೊಬ್ಬಳ ಕೋಲು ಗಾಳಿಯನ್ನು ಹೊಡೆಯುವದಷ್ಟೆ. ಬೀದಿಯ ಬದಿಯಲ್ಲಿ ನೋಡುವವರು ಅಲ್ಲಿಯೂ ನಿಂತಿರುತ್ತಾರೆ, ನಿಜ. ಆದರೆ ಸಾಲಿನಲ್ಲಿರುವವರ ಲಕ್ಷ್ಯವು ಅವರ ಮೇಲಲ್ಲ, ಜೊತೆಯವರ ಮೇಲೆಯೂ ತಲಪಬೇಕಾದ ಸ್ಥಳದ ಮೇಲೆಯೂ ಇರುವದು.

ಆದದರಿಂದ ತಾಯ್ತಂದೆಗಳಿಗೆ ಕೊಡತಕ್ಕ ಉತ್ತರವು ಇದೇ: ಕೆಲವರು ಕುಣಿದು ಉಳಿದವರು ಮೆಚ್ಚುವದಾದರೆ ಅದಕ್ಕೆ ರಂಗಮಂಟಪವೇ ತಕ್ಕ ಸ್ಥಳವು, ಸಭೆಯೆಲ್ಲವೂ ಕೂಡಿ ಬಲಹೀನರ ಹೆಜ್ಜೆಗೆ ಹೆಜ್ಜೆಯನ್ನು ಹೊಂದಿಸುವದಾದರೆ ಅದು ಪ್ರಾರ್ಥನೆಯಾಗುವದು. ಎದ್ದು ನಿಲ್ಲುವದೂ ಮೊಣಕಾಲೂರುವದೂ ಕೈಜೋಡಿಸುವದೂ ದೇಹದ ಪ್ರಾರ್ಥನೆಗಳಲ್ಲವೇ? ಕೂಡಿ ಇಡುವ ಹೆಜ್ಜೆಯು ಅವುಗಳ ತಂಗಿಯೇ.